ನಕ್ಕ ಮೇಲೆ ನೋಡುಗರು ಹೇಳುವ ಮಾತು



ಶನಿವಾರ, ಭಾನುವಾರ ರಾತ್ರಿ ಊಟದ ಹೊತ್ತಿಗೆ ಟಿ.ವಿ.ಯಲ್ಲಿ ಬರುವ ಹಾಸ್ಯ ಕಾರ್ಯಕ್ರಮಗಳನ್ನು ನೀವೂ ನೋಡಿರುತ್ತೀರಿ. ಎಂಟು ಹತ್ತು ನಿಮಿಷದ ಒಂದು ಪ್ರಹಸನ, ಅದರ ಬೆನ್ನಿಗೆ ಇನ್ನೊಂದು. ಜನರ ಬಾಯಲ್ಲಿ ಅದರ ಹೆಸರು ‘ಸ್ಕಿಟ್’. ಈ ಸ್ಕಿಟ್‌ಗಳ ಬಗ್ಗೆ ನೋಡುವವರು ಏನು ಹೇಳುತ್ತಾರೆ ಎಂಬುದನ್ನು ನಾನು ಕೆಲವು ವರ್ಷಗಳಿಂದ ಕಿವಿಗೊಟ್ಟು ಕೇಳುತ್ತ ಬಂದಿದ್ದೇನೆ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಕಟಿಂಗ್ ಶಾಪಿನಲ್ಲಿ, ನೆಂಟರ ಮನೆಯ ಪಡಸಾಲೆಯಲ್ಲಿ ಈ ಮಾತು ಹೇಗೋ ಬಂದೇ ಬರುತ್ತದೆ. ಹೊಗಳುವವರಿದ್ದಾರೆ, ಬೈಯುವವರಿದ್ದಾರೆ, ಬೈದುಕೊಂಡೇ ಮುಂದಿನ ವಾರ ಮತ್ತೆ ನೋಡುವವರೂ ಇದ್ದಾರೆ. ಇವರೆಲ್ಲರ ಮಾತನ್ನು ಒಟ್ಟಿಗಿಟ್ಟು ನೋಡಿದರೆ ನನಗೆ ಕಾಣುವುದು ಇಷ್ಟು: ಜನ ಮೆಚ್ಚುವುದು ಕಲಾವಿದರನ್ನು, ದೂರುವುದು ಬರವಣಿಗೆಯನ್ನು. ಬರವಣಿಗೆ ಎಂಬ ಪದವನ್ನು ಅವರು ಬಳಸದೇ ಇರಬಹುದು. ‘ಅದೇ ಅದೇ ಮಾಡ್ತಾರೆ’ ಅನ್ನುತ್ತಾರೆ, ‘ಮಕ್ಕಳ ಮುಂದೆ ನೋಡೋ ಹಾಗಿಲ್ಲ’ ಅನ್ನುತ್ತಾರೆ, ‘ಹುಡುಗ ಒಳ್ಳೆ ಕಲಾವಿದ, ಪಾಪ ಏನ್ ಮಾಡ್ತಾನೆ’ ಅನ್ನುತ್ತಾರೆ. ಆ ಕೊನೆಯ ಮಾತನ್ನು ನಾನು ಕೇಳಿದಷ್ಟು ಇನ್ನಾವುದನ್ನೂ ಕೇಳಿಲ್ಲ.

ಕನ್ನಡ ಟಿ.ವಿ.ಗೆ ಹಾಸ್ಯ ಹೊಸದೇನಲ್ಲ. ದೂರದರ್ಶನದ ಕಾಲದಲ್ಲಿ ‘ಕ್ರೇಜಿ ಕರ್ನಲ್’, ‘ಸಿಹಿ ಕಹಿ’ ಇದ್ದವು. ಚಂದ್ರು ಮತ್ತು ಗೀತಾ ದಂಪತಿಯ ಹೆಸರಿನ ಹಿಂದೆ ‘ಸಿಹಿ ಕಹಿ’ ಶಾಶ್ವತವಾಗಿ ಅಂಟಿಕೊಂಡಿದೆಯೆಂದರೆ ಆ ಧಾರಾವಾಹಿ ಎಷ್ಟು ಮನೆಗಳನ್ನು ಹೊಕ್ಕಿತ್ತು ಎಂದು ಊಹಿಸಬಹುದು. ಆಮೇಲೆ ಈಟಿವಿ ಕನ್ನಡದಲ್ಲಿ ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’ ಬಂದವು. ಇವೆಲ್ಲ ಧಾರಾವಾಹಿಗಳು. ಅದೇ ಮನೆ, ಅದೇ ಗಂಡ ಹೆಂಡತಿ, ಅದೇ ನೆರೆಹೊರೆ. ಪಾತ್ರದ ಸ್ವಭಾವ ನೋಡುವವರಿಗೆ ಮೊದಲೇ ಗೊತ್ತಿರುತ್ತಿತ್ತು. ಬಾಗಿಲು ತೆರೆದು ಒಳಗೆ ಬಂದ ಕೂಡಲೇ ನಗು ಬರುತ್ತಿತ್ತು. ಸ್ಕಿಟ್‌ಗೆ ಆ ಅನುಕೂಲವಿಲ್ಲ. ಪ್ರತಿ ಸಲವೂ ಮೊದಲಿನಿಂದ ಶುರು. ಇವರು ಯಾರು, ಎಲ್ಲಿದ್ದಾರೆ, ಇವರ ತಕರಾರು ಏನು ಎಂಬುದನ್ನು ಮೊದಲ ಒಂದು ನಿಮಿಷದಲ್ಲೇ ಹೇಳಬೇಕು, ತಕರಾರನ್ನು ಬೆಳೆಸಬೇಕು, ನಗಿಸಬೇಕು, ಒಂದು ತಿರುವು ಕೊಟ್ಟು ಮುಗಿಸಬೇಕು. ಹತ್ತು ನಿಮಿಷದಲ್ಲಿ ಇದನ್ನೆಲ್ಲ ಮಾಡಿಸುವ ಬರಹ ಬಹಳ ಕಷ್ಟದ್ದು.

2015ರಲ್ಲಿ ಸೃಜನ್ ಲೋಕೇಶ್ ಅವರ ‘ಮಜಾ ಟಾಕೀಸ್’ ಶುರುವಾಯಿತು. ಮರುವರ್ಷ ಜೀ ಕನ್ನಡದಲ್ಲಿ ‘ಕಾಮಿಡಿ ಕಿಲಾಡಿಗಳು’ ಬಂತು. ಜಗ್ಗೇಶ್, ರಕ್ಷಿತಾ, ಯೋಗರಾಜ್ ಭಟ್ ತೀರ್ಪುಗಾರರ ಕುರ್ಚಿಯಲ್ಲಿ ಕುಳಿತರು, ಮಾಸ್ಟರ್ ಆನಂದ್ ನಿರೂಪಣೆ ಮಾಡಿದರು. ಮುಂದೆ ‘ಮಜಾ ಭಾರತ’, 2022ರಲ್ಲಿ ‘ಗಿಚ್ಚಿ ಗಿಲಿಗಿಲಿ’. ಹೀಗೆ ಹತ್ತು ವರ್ಷಗಳಲ್ಲಿ ಸ್ಕಿಟ್ ಎನ್ನುವುದು ವಾರಾಂತ್ಯದ ಅಭ್ಯಾಸವೇ ಆಗಿಹೋಯಿತು. ಸೃಜನ್ ಅವರ ತಾತ ಸುಬ್ಬಯ್ಯ ನಾಯ್ಡು 1934ರ ‘ಸತಿ ಸುಲೋಚನ’ದ ನಾಯಕ, ತಂದೆ ಲೋಕೇಶ್ ರಂಗಭೂಮಿಯಿಂದಲೇ ಬಂದ ನಟ. ಕಂಪನಿ ನಾಟಕದ ರಕ್ತ ಟಿ.ವಿ. ಹಾಸ್ಯದವರೆಗೂ ಹರಿದು ಬಂದಿರುವುದಕ್ಕೆ ಇದೊಂದೇ ಮನೆತನ ಸಾಕು.

ಮೊದಲು ಮೆಚ್ಚುಗೆಯ ಮಾತು ಹೇಳಿಬಿಡುತ್ತೇನೆ. ಈ ಕಾರ್ಯಕ್ರಮಗಳು ಕನ್ನಡದ ನಾನಾ ಮಾತುಗಳನ್ನು ಒಂದೇ ವೇದಿಕೆಗೆ ತಂದವು. ಮಂಡ್ಯ ಜಿಲ್ಲೆಯಿಂದ ಬಂದ ಶಿವರಾಜ್ ಕೆ.ಆರ್. ಪೇಟೆ ‘ಕಾಮಿಡಿ ಕಿಲಾಡಿಗಳು’ ಮೊದಲ ಆವೃತ್ತಿಯನ್ನು ಗೆದ್ದಾಗ ಆ ಸೀಮೆಯ ಜನಕ್ಕೆ ಆದ ಸಂತೋಷ ಬಹುಮಾನದ ಸಂತೋಷ ಮಾತ್ರವಾಗಿರಲಿಲ್ಲ. ತಮ್ಮ ಮನೆಯ ಮಾತು, ತಮ್ಮ ಹೊಲದ ಬದುವಿನ ಮಾತು, ತಿದ್ದುಪಡಿ ಇಲ್ಲದೆ ಟಿ.ವಿ.ಯಲ್ಲಿ ಕೇಳಿತು. ಅದೇ ವೇದಿಕೆಯಲ್ಲಿ ನಯನಾ ಉತ್ತರ ಕರ್ನಾಟಕದ ಗಟ್ಟಿ ದನಿಯಲ್ಲಿ ಮಾತಾಡಿದರು. ಮೂರನೆಯ ಆವೃತ್ತಿಯನ್ನು ಗೆದ್ದವರು ಉಡುಪಿಯ ರಾಕೇಶ್ ಪೂಜಾರಿ. ಊರಿನ ನಾಟಕ ತಂಡದಲ್ಲಿ, ತುಳು ಹಾಸ್ಯದಲ್ಲಿ ಪಳಗಿ ಬಂದಿದ್ದ ಹುಡುಗ. 2025ರ ಮೇ 12ರಂದು, ಮೂವತ್ತೈದೂ ತುಂಬದ ವಯಸ್ಸಿನಲ್ಲಿ, ಹೃದಯಾಘಾತದಿಂದ ಅವರು ತೀರಿಕೊಂಡರು. ಅಂದು ಅವರನ್ನು ಒಮ್ಮೆಯೂ ಮುಖತಃ ಕಾಣದ ಹೆಂಗಸರು ತಮ್ಮ ಮನೆಯ ಹುಡುಗನೊಬ್ಬ ಹೋದಂತೆ ಕಣ್ಣೀರು ಹಾಕಿದ್ದನ್ನು ನಾನು ನೋಡಿದ್ದೇನೆ. ‘ಎಷ್ಟು ನಗಿಸ್ತಿದ್ದ’ ಎಂದು ಮತ್ತೆ ಮತ್ತೆ ಹೇಳುತ್ತಿದ್ದರು. ನೋಡುಗರು ಇವನ್ನೆಲ್ಲ ಹೊತ್ತು ಕಳೆಯುವ ಆಟವೆಂದು ಮರೆತುಬಿಡುತ್ತಾರೆ ಅಂದುಕೊಂಡವರು ಆ ದಿನವನ್ನು ನೆನಪಿಗೆ ತಂದುಕೊಳ್ಳಬೇಕು.

ಮಾತಿನ ವಿಷಯದಲ್ಲೇ ಒಂದು ದೂರೂ ಇದೆ, ಅದು ಮೆಚ್ಚಿದವರ ಬಾಯಿಂದಲೇ ಬರುತ್ತದೆ. ಉತ್ತರ ಕರ್ನಾಟಕದವನು ಅಂದರೆ ಸ್ಕಿಟ್‌ನಲ್ಲಿ ಕೂಗಾಡಲೇಬೇಕೇ? ಮಂಡ್ಯದವನು ಯಾವಾಗಲೂ ಜಗಳಕ್ಕೆ ನಿಂತವನೇ ಆಗಿರಬೇಕೇ? ಮಂಗಳೂರಿನ ಮಾತು ಬಂದರೆ ಅದು ಬರೀ ಎಳೆದೆಳೆದು ಆಡುವ ರಾಗವೇ? ಕರಾವಳಿಯ ಒಬ್ಬ ನಿವೃತ್ತ ಮೇಷ್ಟ್ರು ನನಗೆ ಹೇಳಿದರು: “ನಾವು ಮನೆಯಲ್ಲಿ ಹೀಗೆ ಮಾತಾಡುವುದಾ ಮಾರಾಯ್ರೆ? ನಮ್ಮ ಮಾತಿನಲ್ಲಿ ತಮಾಷೆ ಬೇಕಾದಷ್ಟು ಉಂಟು. ಆದರೆ ನಮ್ಮ ಮಾತೇ ತಮಾಷೆ ಅಂತ ಆದರೆ ಹೇಗೆ?” ಆ ಹಿರಿಯರ ಪ್ರಶ್ನೆಯನ್ನು ನಾನು ಹಲವು ಸಲ ಯೋಚಿಸಿದ್ದೇನೆ. ಒಂದು ಸೀಮೆಯ ಮಾತಿನೊಳಗಿರುವ ಚುರುಕು, ಗಾದೆ, ಬೈಗುಳದ ಸೊಗಸು, ಇವನ್ನು ಬಳಸಿ ನಗಿಸಬೇಕಾದರೆ ಬರೆಯುವವನಿಗೆ ಆ ಮಾತು ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಅವನಿಗೆ ಸಿಗುವುದು ಉಚ್ಚಾರ ಮಾತ್ರ. ಅದನ್ನೇ ಹಿಗ್ಗಿಸಿ ಹಿಗ್ಗಿಸಿ ನಗು ಕೇಳುತ್ತಾನೆ. 1994ರ ಕೇಬಲ್ ಟಿ.ವಿ. ನಿಯಮಗಳ ಆರನೆಯ ನಿಯಮದಲ್ಲಿ, ಯಾವುದೇ ಭಾಷೆಯ, ಪ್ರದೇಶದ ಜನರನ್ನು ಹೀಗಳೆಯುವ ಧೋರಣೆ ಇರಬಾರದು ಎಂದು ಹೇಳಿದೆ. ಆ ಮೇಷ್ಟ್ರು ನಿಯಮ ಓದಿದವರಲ್ಲ. ಆದರೆ ಅವರ ಮನಸ್ಸಿಗೆ ತಟ್ಟಿದ್ದು ಅದೇ.

ಈಗ ಅಪರ್ಣಾ ಅವರ ವಿಷಯ. ಆಕಾಶವಾಣಿಯ ಕೇಳುಗರಿಗೆ ಅವರ ಪರಿಚಯ ಮಾಡಿಕೊಡಬೇಕಾಗಿಲ್ಲ. ಪುಟ್ಟಣ್ಣ ಕಣಗಾಲರ ಕೊನೆಯ ಚಿತ್ರ ‘ಮಸಣದ ಹೂವು’ ಮೂಲಕ ಬಂದವರು, ಬಾನುಲಿಯಲ್ಲಿ ದುಡಿದವರು, ಸರ್ಕಾರದ ದೊಡ್ಡ ದೊಡ್ಡ ಸಮಾರಂಭಗಳನ್ನು ತಮ್ಮ ಸ್ಫುಟವಾದ ಕನ್ನಡದಿಂದ ನಡೆಸಿಕೊಟ್ಟವರು. ಬೆಂಗಳೂರಿನ ಮೆಟ್ರೊ ರೈಲಿನಲ್ಲಿ ಮುಂದಿನ ನಿಲ್ದಾಣ ಯಾವುದೆಂದು ಹೇಳುವ ದನಿ ಅವರದು. ಅಂಥವರು ‘ಮಜಾ ಟಾಕೀಸ್’ನಲ್ಲಿ ‘ಒನ್ ಆ್ಯಂಡ್ ಓನ್ಲಿ ವರಲಕ್ಷ್ಮಿ’ಯಾಗಿ ಬಂದಾಗ ನೋಡುಗರಲ್ಲಿ ಎರಡು ಪಂಗಡವಾಯಿತು. ಇಷ್ಟು ಒಳ್ಳೆಯ ಕನ್ನಡದ ಹೆಣ್ಣುಮಗಳಿಗೆ ಈ ಪಾತ್ರ ಯಾಕೆ ಬೇಕಿತ್ತು ಎಂದು ನೊಂದುಕೊಂಡವರು ಒಂದು ಕಡೆ. ತನ್ನ ಬಗ್ಗೆ ತಾನೇ ಕೊಚ್ಚಿಕೊಳ್ಳುವ ಆ ವರಲಕ್ಷ್ಮಿಯನ್ನು ನೋಡಿ ಮನಸಾರೆ ನಕ್ಕವರು ಇನ್ನೊಂದು ಕಡೆ.

ನಾನು ಎರಡನೆಯ ಪಂಗಡಕ್ಕೆ ಸೇರಿದವನು. ಕಾರಣ ಹೇಳುತ್ತೇನೆ. ಆ ಪಾತ್ರಕ್ಕೆ ಒಂದು ಸ್ವಭಾವವಿತ್ತು. ಅವಳಿಗೆ ತನ್ನ ಮೇಲೆ ಅಪಾರ ನಂಬಿಕೆ, ಜಗತ್ತಿಗೆ ಆ ನಂಬಿಕೆ ಇಲ್ಲ. ಈ ಎರಡರ ನಡುವೆ ನಗು ಹುಟ್ಟುತ್ತಿತ್ತು. ಅವಳ ಮೈಯನ್ನೋ ಬಣ್ಣವನ್ನೋ ಆಡಿಕೊಂಡು ಬಂದ ನಗು ಅದಾಗಿರಲಿಲ್ಲ. ಜೊತೆಗೆ ಅಪರ್ಣಾ ಅವರ ಉಚ್ಚಾರ. ಎಷ್ಟೇ ಅತಿರೇಕದ ಮಾತಾಗಿದ್ದರೂ ಒಂದು ಅಲ್ಪಪ್ರಾಣ ಮಹಾಪ್ರಾಣವೂ ತಪ್ಪದೆ ಬರುತ್ತಿತ್ತು. ಹುಚ್ಚು ಮಾತನ್ನು ಅಷ್ಟು ಚೊಕ್ಕವಾಗಿ ಹೇಳಿದಾಗ ನಗು ಇಮ್ಮಡಿಯಾಗುತ್ತದೆ. 2024ರ ಜುಲೈ 11ರಂದು ಅವರು ಕ್ಯಾನ್ಸರ್‌ನಿಂದ ತೀರಿಕೊಂಡ ಮೇಲೆ ಜನ ನೆನೆದ ಮೊದಲ ಎರಡು ಸಂಗತಿಗಳಲ್ಲಿ ಮೆಟ್ರೊದ ದನಿ ಒಂದು, ವರಲಕ್ಷ್ಮಿ ಇನ್ನೊಂದು. ಪಾತ್ರವನ್ನು ಒಪ್ಪದಿದ್ದ ಪಂಗಡದವರೂ ಆ ದಿನ ವರಲಕ್ಷ್ಮಿಯ ಮಾತನ್ನು ಎತ್ತಿ ಆಡಿದರು.

ಇನ್ನು ದೂರುಗಳು. ತೀರ್ಪುಗಾರರು ಸಣ್ಣ ಮಾತಿಗೂ ಕುರ್ಚಿಯಿಂದ ಎದ್ದು ನಗುತ್ತಾರೆ, ಹಿನ್ನೆಲೆಯಲ್ಲಿ ಟೊಂಯ್ ಟೊಂಯ್ ಸದ್ದು ಹಾಕಿ ಇಲ್ಲಿ ನಗಬೇಕು ಎಂದು ಹೇಳಿಕೊಡುತ್ತಾರೆ, ಸಿನಿಮಾ ಪ್ರಚಾರಕ್ಕೆ ಬಂದ ತಾರೆಯರಿಗೆ ಹೊತ್ತೆಲ್ಲ ಹೋಗುತ್ತದೆ, ಎರಡು ಸ್ಕಿಟ್‌ಗೊಬ್ಬ ಕುಡುಕ ಬರುತ್ತಾನೆ, ಇವೆಲ್ಲ ನಿಮಗೂ ಗೊತ್ತಿರುವ ಮಾತುಗಳೇ. ಇವುಗಳಲ್ಲಿ ಸತ್ಯವಿದೆ, ಆದರೆ ಇವನ್ನು ಸರಿಮಾಡುವುದು ಕಷ್ಟವೇನಲ್ಲ. ನನ್ನ ಮನಸ್ಸಿಗೆ ಹತ್ತಿರವಾದದ್ದು ಬೇರೆ ಎರಡು ದೂರುಗಳು.

ಮೊದಲನೆಯದು ದೇಹದ ಮೇಲಿನ ಹಾಸ್ಯ. ದಪ್ಪಗಿರುವ ನಟಿ ವೇದಿಕೆಗೆ ಬಂದರೆ ಕುರ್ಚಿ ಮುರಿಯುವ ಮಾತು, ಕಪ್ಪಗಿರುವ ನಟ ಬಂದರೆ ಕರೆಂಟು ಹೋಯಿತೇ ಎಂಬ ಮಾತು, ಕುಳ್ಳಗಿದ್ದರೆ ಎತ್ತಿಕೊಂಡು ಓಡುವ ಆಟ. ಧಾರವಾಡದ ನಂಟರ ಮನೆಯಲ್ಲಿ ಒಂದು ರಾತ್ರಿ ಎಲ್ಲರೂ ತಾಟು ಹಿಡಿದು ಟಿ.ವಿ. ಮುಂದೆ ಕೂತಿದ್ದೆವು. ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ. ಸ್ಕಿಟ್‌ನಲ್ಲಿ ದಪ್ಪಗಿನ ಹೆಂಡತಿಯ ಊಟದ ಬಗ್ಗೆ ಒಂದಾದ ಮೇಲೆ ಒಂದು ಮಾತು ಬಂತು. ಎಲ್ಲರೂ ನಕ್ಕರು. ಆ ಮನೆಯ ಏಳನೆಯ ಇಯತ್ತೆ ಓದುವ ಹುಡುಗಿ, ಸ್ವಲ್ಪ ಮೈಕೈ ತುಂಬಿಕೊಂಡವಳು, ಇನ್ನೊಂದು ರೊಟ್ಟಿಗೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ತಾಟು ಎತ್ತಿಕೊಂಡು ಒಳಗೆ ಹೋದಳು. ಯಾರೂ ಗಮನಿಸಲಿಲ್ಲ ಅಂದುಕೊಂಡೆ. ಅಜ್ಜಿ ಗಮನಿಸಿದ್ದರು. ರಿಮೋಟ್ ತಗೊಂಡು ದನಿ ಇಳಿಸಿ ಹೇಳಿದರು: “ಇದ್ರಾಗ ನಗೂದೇನೈತಿ? ಉಣ್ಣೂ ಹೊತ್ತಿನ್ಯಾಗ ಉಣ್ಣೋರ ಮ್ಯಾಲ ಮಾತಾಡ್ತಾರ.” ಅಷ್ಟೇ. ಆಮೇಲೆ ಬೇರೆ ಸ್ಕಿಟ್ ಬಂತು, ಅದರಲ್ಲಿ ಎರಡು ಮನೆಯವರು ನೀರಿನ ಸರದಿಗೆ ಜಗಳಾಡುತ್ತಿದ್ದರು, ಅಜ್ಜಿಯೂ ಬಿದ್ದು ಬಿದ್ದು ನಕ್ಕರು.

ಆ ಅಜ್ಜಿಗೆ ನಗು ಬೇಡವಾಗಿರಲಿಲ್ಲ ಎಂಬುದನ್ನು ನೀವು ಗಮನಿಸಬೇಕು. ನೀರಿನ ಸರದಿಯ ಜಗಳ ಅವರು ಬದುಕಿನಲ್ಲಿ ಕಂಡದ್ದು. ಕೊಡ ಮೊದಲು ಇಟ್ಟವರು ಯಾರು, ನಲ್ಲಿ ಬರುವ ಹೊತ್ತಿಗೆ ಕೊಡದ ಪಕ್ಕದಲ್ಲಿ ನಿಲ್ಲದಿದ್ದರೆ ಸರದಿ ಉಳಿಯುತ್ತದೆಯೇ ಹೋಗುತ್ತದೆಯೇ ಎಂಬ ವಾದದಲ್ಲಿ ಇಡೀ ಓಣಿಯ ನ್ಯಾಯಶಾಸ್ತ್ರವಿದೆ. ಅದನ್ನು ಯಾರೋ ಕೂತು ಗಮನಿಸಿ ಬರೆದಿದ್ದರು. ದಪ್ಪ ಹೆಂಡತಿಯ ಮಾತನ್ನು ಗಮನಿಸಿ ಬರೆಯುವ ಅಗತ್ಯವಿಲ್ಲ. ನಟಿ ವೇದಿಕೆಗೆ ಬಂದು ನಿಂತರೆ ಸಾಕು, ಬರಹಗಾರನ ಕೆಲಸ ಮುಗಿಯಿತು.

2024ರ ಜುಲೈ 8ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಹಿಂದಿ ಸಿನಿಮಾವೊಂದರಲ್ಲಿ ಅಂಗವಿಕಲರನ್ನು ತೋರಿಸಿದ ರೀತಿಯ ಬಗ್ಗೆ ಬಂದ ಮೊಕದ್ದಮೆ ಅದು. ಆಗಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ಪೀಠ ಎರಡು ಬಗೆಯ ಹಾಸ್ಯವನ್ನು ಬೇರೆ ಬೇರೆಯಾಗಿ ನೋಡಿತು. ಅಂಗವಿಕಲರ ಬದುಕನ್ನು ಅರ್ಥಮಾಡಿಕೊಳ್ಳಲು ನೆರವಾಗುವ ಹಾಸ್ಯ ಒಂದು, ಅವರನ್ನು ಕುಗ್ಗಿಸಿ ಕೀಳಾಗಿ ಕಾಣುವ ಹಾಸ್ಯ ಇನ್ನೊಂದು. ಆ ತೀರ್ಪು ಸಿನಿಮಾವನ್ನು ನಿಷೇಧಿಸಲಿಲ್ಲ, ಹಾಸ್ಯವನ್ನು ಬೇಡವೆನ್ನಲಿಲ್ಲ. ದೃಶ್ಯ ಮಾಧ್ಯಮಗಳು ಪಾಲಿಸಬೇಕಾದ ಕೆಲವು ಸೂಚನೆಗಳನ್ನು ಕೊಟ್ಟಿತು. ಉಗ್ಗು ಮಾತು, ಕುಂಟು ನಡಿಗೆ, ಮೆಳ್ಳೆಗಣ್ಣು ಇವನ್ನೇ ಇಂದಿಗೂ ನಂಬಿಕೊಂಡಿರುವ ನಮ್ಮ ಸ್ಕಿಟ್ ಬರಹಗಾರರು ಆ ಸೂಚನೆಗಳನ್ನು ಒಮ್ಮೆ ಓದಬೇಕೆಂದು ನಾನು ಕೈಮುಗಿದು ಕೇಳುತ್ತೇನೆ.

ಎರಡನೆಯ ದೂರು ಸ್ತ್ರೀವೇಷದ್ದು. ಗಂಡಸರು ಸೀರೆ ಉಟ್ಟು ಬರುತ್ತಾರೆ, ಅಸಹ್ಯವಾಗಿ ಕುಣಿಯುತ್ತಾರೆ ಎಂದು ಹೆಂಗಸರು ಬೇಸರಪಡುತ್ತಾರೆ. ಇದಕ್ಕೆ ವಾಹಿನಿಯವರು ಮತ್ತು ಕೆಲವು ಕಲಾವಿದರು ಕೊಡುವ ಉತ್ತರ, ನಮ್ಮ ಪರಂಪರೆಯಲ್ಲಿ ಇದು ಇದ್ದೇ ಇದೆಯಲ್ಲ ಎಂಬುದು. ಪರಂಪರೆಯಲ್ಲಿ ಇದ್ದದ್ದು ನಿಜ. ಆದರೆ ಹೇಗಿತ್ತು? ತೆಂಕುತಿಟ್ಟಿನ ಯಕ್ಷಗಾನದಲ್ಲಿ ಕೋಳ್ಯೂರು ರಾಮಚಂದ್ರ ರಾಯರ ಸ್ತ್ರೀವೇಷ ನೋಡಿದವರು ಇನ್ನೂ ಇದ್ದಾರೆ. ರಂಗಸ್ಥಳಕ್ಕೆ ಬಂದರೆ ಅಲ್ಲಿ ಗಂಡಸು ಕಾಣುತ್ತಿರಲಿಲ್ಲ, ದಮಯಂತಿಯೋ ಚಂದ್ರಮತಿಯೋ ಕಾಣುತ್ತಿದ್ದರು. ಇದರ ತಿರುಗುಮುರುಗಾಗಿ, ಆರ್. ನಾಗರತ್ನಮ್ಮನವರು 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ, ಹೆಂಗಸರಿಂದಲೇ ಗಂಡು ಪಾತ್ರಗಳನ್ನೂ ಮಾಡಿಸಿದರು, ತಾವೂ ಮೀಸೆ ಹಚ್ಚಿ ಅಬ್ಬರಿಸಿದರು. ಅಲ್ಲಿ ವೇಷ ಪಾತ್ರದ ಒಳಗೆ ಹೋಗುವ ದಾರಿಯಾಗಿತ್ತು. ಇಂದಿನ ಸ್ಕಿಟ್‌ನಲ್ಲಿ ಸೀರೆ ಉಟ್ಟ ಗಂಡಸು ಗಂಡಸಾಗಿಯೇ ಉಳಿಯುತ್ತಾನೆ. ಸೀರೆಯೇ ತಮಾಷೆ, ತುಂಬಿಕೊಂಡ ಎದೆಯೇ ತಮಾಷೆ, ಮೈಮೇಲೆ ಬೀಳುವುದೇ ತಮಾಷೆ. ಅವನ ಬಾಯಿಗೆ ಒಬ್ಬ ಹೆಂಗಸು ನಿಜವಾಗಿ ಆಡುವ ಮಾತು ಒಂದೂ ಬರುವುದಿಲ್ಲ. ಇದರಿಂದ ಇನ್ನೊಂದು ನಷ್ಟವೂ ಇದೆ. ಹೆಣ್ಣು ಕಲಾವಿದರು ಪಕ್ಕದಲ್ಲೇ ಇದ್ದರೂ ನಗಿಸುವ ಹೆಣ್ಣು ಪಾತ್ರ ಗಂಡಸಿಗೆ ಹೋಗುತ್ತದೆ, ನಗುವಿಗೆ ಗುರಿಯಾಗುವ ಹೆಣ್ಣು ಪಾತ್ರ ಅವರ ಪಾಲಿಗೆ ಉಳಿಯುತ್ತದೆ.

ಹೀಗೆ ಹೇಳಿದರೆ ಕೆಲವರು ಕೇಳುತ್ತಾರೆ: ನಗುವುದಕ್ಕೂ ಇಷ್ಟೊಂದು ಲೆಕ್ಕ ಬೇಕೇ? ಇದು ಬಹಳ ಜನರ ಅಭಿಪ್ರಾಯ, ಇದನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಆರು ದಿನ ಮಿಷಿನ್ ತುಳಿದು ಬಂದವಳು ರಾತ್ರಿ ಒಂದು ತಾಸು ತಲೆ ಖಾಲಿ ಮಾಡಿಕೊಂಡು ನಗಬೇಕು ಅಂದರೆ ಅದು ಅವಳ ಹಕ್ಕು. ಹಾಸ್ಯ ಎಂದರೆ ಓದಿದವರು ಮೆಲ್ಲಗೆ ನಗುವಂಥದ್ದೇ ಆಗಿರಬೇಕು ಎಂದು ಹೇಳುವುದೂ ತಪ್ಪು. ನಮ್ಮ ಹಳ್ಳಿಯ ಹಾಸ್ಯ ಯಾವಾಗಲೂ ಒರಟಾಗಿಯೇ ಇತ್ತು. ದೊಡ್ಡಾಟದ ಸಾರಥಿಯಾಗಲಿ ಯಕ್ಷಗಾನದ ಹಾಸ್ಯಗಾರನಾಗಲಿ ಮಡಿವಂತಿಕೆಯ ಮಾತಾಡಿದವರಲ್ಲ. ಆದರೆ ಅವರ ಒರಟು ಮಾತು ಹೋಗಿ ತಾಗುತ್ತಿದ್ದದ್ದು ರಾಜನಿಗೆ, ಮಂತ್ರಿಗೆ, ಎದುರಿಗೇ ಕೂತ ಊರಗೌಡನಿಗೆ. ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ ನೋಡಲು ಮಂತ್ರಿಗಳೇ ಬಂದು ಕೂತಿದ್ದರೂ ಹಿರಣ್ಣಯ್ಯನವರ ನಾಲಿಗೆ ಹಿಂಜರಿಯುತ್ತಿರಲಿಲ್ಲ. ಬೆಳಗ್ಗೆ ಪತ್ರಿಕೆಯಲ್ಲಿ ಬಂದ ಸುದ್ದಿ ರಾತ್ರಿ ನಾಟಕದ ಮಾತಾಗಿ ಬರುತ್ತಿತ್ತು. ಜನ ಟಿಕೆಟ್ ತೆಗೆದು ಅದನ್ನೇ ಮತ್ತೆ ಮತ್ತೆ ನೋಡಿದರು.

ಇವತ್ತಿನ ಸ್ಕಿಟ್‌ನಲ್ಲಿ ಇವತ್ತಿನ ಬದುಕು ಯಾಕಿಷ್ಟು ಕಡಿಮೆ ಎಂದು ಒಬ್ಬ ಬಸ್ ಕಂಡಕ್ಟರ್ ನನ್ನನ್ನು ಕೇಳಿದ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಪ್ರಯಾಣ ಉಚಿತವಾಯಿತು. ಅಂದಿನಿಂದ ತನ್ನ ಬಸ್ಸಿನಲ್ಲಿ ದಿನಾ ಒಂದು ನಾಟಕ ನಡೆಯುತ್ತದೆ ಎಂದ. ಆಧಾರ್ ಕಾರ್ಡಿನ ಫೋಟೊ ನೋಡಿ ‘ಇದು ನೀವೇನಾ ಅಮ್ಮ’ ಎಂದು ಕೇಳಬೇಕಾದ ಸಂಕಟ, ಸೀಟಿಲ್ಲದೆ ನಿಂತ ಗಂಡಸು ‘ದುಡ್ಡು ಕೊಟ್ಟಿರೋನು ನಾನು’ ಎಂದು ಶುರುಮಾಡುವ ವಾದ, ಅದಕ್ಕೆ ಮುಂದಿನ ಸೀಟಿನ ಅಜ್ಜಿ ಕೊಡುವ ಉತ್ತರ, ಟಿಕೆಟ್ಟಿನ ಹಿಂದೆ ಬರೆದುಕೊಟ್ಟ ಚಿಲ್ಲರೆಯನ್ನು ಇಳಿಯುವ ಗಡಿಬಿಡಿಯಲ್ಲಿ ಮರೆತು ಬಸ್ಸಿನ ಹಿಂದೆ ಓಡುವವರು. “ಸಾರ್, ನಮ್ ಬಸ್ಸಲ್ಲಿ ಒಂದಿನ ಬಂದು ಕೂತ್ಕೊಂಡ್ರೆ ಅವ್ರಿಗೆ ಒಂದ್ ತಿಂಗಳಿಗಾಗೋಷ್ಟು ಸ್ಕಿಟ್ ಸಿಗುತ್ತೆ” ಎಂದ. ಅವನು ಹೇಳಿದ್ದು ಅಕ್ಷರಶಃ ನಿಜ. ನಾನು ಓದಿದ ಯಾವ ಟಿ.ವಿ. ವಿಮರ್ಶೆಗಿಂತಲೂ ಆ ಮಾತು ನೇರವಾಗಿತ್ತು.

ಇಂಥ ಅಭಿಪ್ರಾಯಗಳು ಹೋಗಿ ಸೇರುವುದು ಎಲ್ಲಿಗೆ? ಎಲ್ಲಿಗೂ ಇಲ್ಲ. ವಾಹಿನಿಯವರಿಗೆ ಗೊತ್ತಾಗುವುದು ಟಿ.ಆರ್.ಪಿ. ಒಂದೇ. ಅದನ್ನು ಅಳೆಯುವುದು ಬಾರ್ಕ್ ಎಂಬ ಸಂಸ್ಥೆ. ಇಡೀ ದೇಶದಲ್ಲಿ ಐವತ್ತು ಸಾವಿರ ಚಿಲ್ಲರೆ ಮನೆಗಳಲ್ಲಿ ಅದರ ಮೀಟರುಗಳಿವೆ. ಕಾರ್ಯಕ್ರಮದ ದನಿಯೊಳಗೆ ನಮ್ಮ ಕಿವಿಗೆ ಕೇಳದ ಒಂದು ಗುರುತನ್ನು ಸೇರಿಸಿರುತ್ತಾರೆ, ಮೀಟರು ಅದನ್ನು ಹಿಡಿದು ಯಾವ ವಾಹಿನಿ ಎಂದು ದಾಖಲಿಸುತ್ತದೆ. ಮನೆಯ ಒಬ್ಬೊಬ್ಬರಿಗೂ ಒಂದೊಂದು ಗುಂಡಿ. ನೋಡಲು ಕೂತವರು ತಮ್ಮ ಗುಂಡಿ ಒತ್ತಬೇಕು. ಯಾರು, ಎಷ್ಟು ಹೊತ್ತು ನೋಡಿದರು ಎಂಬುದು ಇದರಿಂದ ತಿಳಿಯುತ್ತದೆ. ನಕ್ಕರೋ, ನೊಂದರೋ, ಬೇರೇನೂ ಇಲ್ಲವೆಂದು ಸುಮ್ಮನೆ ಕೂತಿದ್ದರೋ ತಿಳಿಯುವುದಿಲ್ಲ. ಧಾರವಾಡದ ಆ ಮನೆಯಲ್ಲಿ ಮೀಟರು ಇದ್ದಿದ್ದರೆ, ತಾಟು ಎತ್ತಿಕೊಂಡು ಒಳಗೆ ಹೋಗುವಾಗ ಗುಂಡಿ ಒತ್ತಲು ಮರೆತ ಹುಡುಗಿಯೂ ಆ ಸ್ಕಿಟ್ ಮೆಚ್ಚಿದವರ ಲೆಕ್ಕಕ್ಕೇ ಸೇರುತ್ತಿದ್ದಳು.

ಅದಕ್ಕಾಗಿಯೇ ನಾನು ಪತ್ರ ಬರೆಯುವ ಅಭ್ಯಾಸದ ಬಗ್ಗೆ ಹೇಳಬೇಕೆಂದಿರುವುದು. ಬಾನುಲಿಯ ಕೇಳುಗರಾದ ನಿಮಗೆ ಅದು ಹೊಸದಲ್ಲ. ಹದಿನೈದು ಪೈಸೆಯ ಕಾರ್ಡಿನಲ್ಲಿ ನಾಟಕದ ಬಗ್ಗೆ, ವಾರ್ತೆ ಓದಿದವರ ಉಚ್ಚಾರದ ಬಗ್ಗೆ ಬರೆದು, ಪತ್ರೋತ್ತರ ಕಾರ್ಯಕ್ರಮದಲ್ಲಿ ಹೆಸರು ಓದುತ್ತಾರೆಂದು ಕಾದು ಕೂತವರು ನೀವು. ಅಂದಿನ ಹಾಸ್ಯವನ್ನೂ ನೆನೆಯಿರಿ. ಆಕಾಶವಾಣಿಯಲ್ಲಿ ‘ಈರಣ್ಣ’ನ ಪಾತ್ರದಿಂದ ಮನೆಮಾತಾದ ಎ.ಎಸ್. ಮೂರ್ತಿಯವರನ್ನು ಜನ ಕೊನೆಯವರೆಗೂ ಆಕಾಶವಾಣಿ ಈರಣ್ಣ ಎಂದೇ ಕರೆದರು. ಕಣ್ಣಿಗೆ ಕಾಣದ ಆ ಪಾತ್ರದಲ್ಲಿ ಸೀರೆಯ ತಮಾಷೆಗೆ, ಮೈಯ ತಮಾಷೆಗೆ ಜಾಗವೇ ಇರಲಿಲ್ಲ. ನಗಿಸಬೇಕಾದದ್ದು ಮಾತು ಮಾತ್ರ, ಮಾತನ್ನು ಬರೆಯಲೇಬೇಕಿತ್ತು. ರಾಶಿಯವರ ಹಾಸ್ಯ ಪತ್ರಿಕೆ ‘ಕೊರವಂಜಿ’ 1942ರಿಂದ 1967ರವರೆಗೆ ತಿಂಗಳು ತಿಂಗಳು ಕನ್ನಡಿಗರನ್ನು ನಗಿಸಿತು. ವೃತ್ತಿಯಿಂದ ವೈದ್ಯರಾದ ಅವರು ಒಂದು ಪತ್ರಿಕೆಯ ಸುತ್ತ ಹಾಸ್ಯ ಬರೆಯುವವರ ಒಂದು ಗುಂಪನ್ನೇ ಬೆಳೆಸಿದರು. ಆರ್.ಕೆ. ಲಕ್ಷ್ಮಣ್ ತಮ್ಮ ಆರಂಭದ ದಿನಗಳಲ್ಲಿ ಅದಕ್ಕೆ ಚಿತ್ರ ಬರೆದರು. ಇಂದು ನಮ್ಮ ವಾಹಿನಿಗಳಲ್ಲಿ ನಟರನ್ನು ಹುಡುಕಲು ಜಿಲ್ಲೆ ಜಿಲ್ಲೆಗೆ ಹೋಗಿ ಆಡಿಷನ್ ನಡೆಸುತ್ತಾರೆ, ಗೆದ್ದವರಿಗೆ ಲಕ್ಷಗಟ್ಟಲೆ ಬಹುಮಾನ ಕೊಡುತ್ತಾರೆ. ಬರೆಯುವವರನ್ನು ಹುಡುಕಲು ಒಂದು ಊರಿಗಾದರೂ ಹೋಗುತ್ತಾರೆಯೇ? ವಾರಕ್ಕೆ ಎರಡು ಕಂತು, ಕಂತಿಗೆ ನಾಲ್ಕಾರು ಸ್ಕಿಟ್ ಒದಗಿಸಬೇಕಾದ ಆ ಹುಡುಗರ ಹೆಸರು ಕೊನೆಯಲ್ಲಿ ಸರ್ರನೆ ಓಡುವ ಸಾಲುಗಳಲ್ಲಿ ಕಣ್ಣಿಗೆ ಸಿಕ್ಕುವುದೂ ಇಲ್ಲ. ಇದನ್ನು ಬದಲಿಸದೆ ಕಲಾವಿದರನ್ನು ಬೈಯುವುದು ಅನ್ಯಾಯ.

ವಾಹಿನಿಗಳಿಗೆ ನನ್ನ ಕೋರಿಕೆ ಎರಡು. ಸ್ಕಿಟ್ ಶುರುವಾಗುವ ಮೊದಲು ಅದನ್ನು ಬರೆದವರ ಹೆಸರನ್ನು ತೆರೆಯ ಮೇಲೆ ಓದುವಷ್ಟು ಹೊತ್ತು ತೋರಿಸಿ. ಪ್ರತಿ ಆವೃತ್ತಿಯ ಕೊನೆಯಲ್ಲಿ ನಟರಿಗೆ ಕೊಡುವಂತೆಯೇ ಒಬ್ಬ ಬರಹಗಾರನಿಗೂ ಅದೇ ವೇದಿಕೆಯಲ್ಲಿ ಬಹುಮಾನ ಕೊಡಿ.

ನೋಡುವ ನಿಮಗೆ ಹೇಳುವುದಿಷ್ಟು. ನಿಮ್ಮ ಮಾತಿಗೆ ಕಾನೂನಿನ ಬಲವೂ ಇದೆ. 2021ರಲ್ಲಿ ತಿದ್ದುಪಡಿಯಾದ ಕೇಬಲ್ ಟಿ.ವಿ. ನಿಯಮಗಳ ಪ್ರಕಾರ ನೋಡುಗರು ನೇರವಾಗಿ ವಾಹಿನಿಗೇ ದೂರು ಕೊಡಬಹುದು, ವಾಹಿನಿ 15 ದಿನಗಳೊಳಗೆ ಅದನ್ನು ಇತ್ಯರ್ಥ ಮಾಡಬೇಕು. ಒಪ್ಪಿಗೆಯಾಗದಿದ್ದರೆ ವಾಹಿನಿಗಳೇ ಮಾಡಿಕೊಂಡಿರುವ ಸ್ವಯಂ ನಿಯಂತ್ರಣ ಮಂಡಳಿಗೆ ಮೇಲ್ಮನವಿ ಹಾಕಬಹುದು. ಆದರೆ ದೂರು ಅಂದರೆ ಬೈಗುಳ ಅಲ್ಲ. ಯಾವ ದಿನದ ಕಂತು, ಯಾವ ಸ್ಕಿಟ್, ಯಾವ ಮಾತು, ಅದು ನಿಮ್ಮ ಮನೆಯಲ್ಲಿ ಯಾರಿಗೆ ಯಾಕೆ ನೋವಾಯಿತು ಎಂದು ನಾಲ್ಕು ಸಾಲಿನಲ್ಲಿ ಬರೆಯಿರಿ. ಕಲಾವಿದನ ಮೇಲೆ ಹರಿಹಾಯಬೇಡಿ, ಅವನ ಜಾತಿ ಊರು ಎತ್ತಬೇಡಿ. ಒಂದು ಸ್ಕಿಟ್ ಇಷ್ಟವಾಗದಿದ್ದರೆ ಇಡೀ ಕಾರ್ಯಕ್ರಮ ನಿಲ್ಲಿಸಿ ಎಂದು ಕೇಳಬೇಡಿ. ನಿಲ್ಲಿಸಿದರೆ ಮುಂದಿನ ರಾಕೇಶ್ ಪೂಜಾರಿ ಉಡುಪಿಯಲ್ಲೇ ಉಳಿದುಬಿಡುತ್ತಾನೆ. ಮತ್ತು ಚೆನ್ನಾಗಿದ್ದಾಗಲೂ ಬರೆಯಿರಿ. ಮುಂದಿನ ಶನಿವಾರದ ಸ್ಕಿಟ್‌ನಲ್ಲಿ ಅಜ್ಜಿ ಮೊಮ್ಮಕ್ಕಳೆಲ್ಲ ಸೇರಿ ನಕ್ಕ ಒಂದು ಮಾತು ಇದ್ದರೆ, ಅದನ್ನು ಬರೆದವರು ಯಾರೆಂದು ಕೇಳಿ ವಾಹಿನಿಗೆ ಒಂದು ಪತ್ರ ಹಾಕಿ.